ಡಲ್ಸಿ ರೆನ್ನಿಕ್ ಎಳೆದ ಅಡ್ಡಗೀಟುಗಳು

ಮೇ ಇಪ್ಪತ್ತೇಳನೆಯ ತಾರೀಖು ಬೆಳಗಿನ ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ ಡಲ್ಸಿ ರೆನ್ನಿಕ್ ತಮ್ಮ ತಂದೆಯ ರೈಲ್ವೆ ಕೋಟನ್ನು ತಲೆಯ ಮೇಲಿಂದ ಹೊದ್ದುಕೊಂಡು, ದೂರದರ್ಶಕದ ಹಿಂದಿನ ಹಲಗೆಗೆ ಸಿಕ್ಕಿಸಿದ್ದ ಬಿಳಿಯ ಹಾಳೆಯನ್ನು ಕಿರುಬೆರಳ ಉಗುರಿನಿಂದ ತಟ್ಟುತ್ತಿದ್ದರು. ಹಾಳೆಯ ಮೇಲೆ ಇಪ್ಪತ್ತೈದು ಸೆಂಟಿಮೀಟರ್ ಅಗಲದ ಸೂರ್ಯ ಬಿದ್ದಿತ್ತು. ಆ ಸೂರ್ಯನ ದಕ್ಷಿಣ ಭಾಗದಲ್ಲಿ, ಮಾಮೂಲು ಕಲೆಗಳು ಏಳುವ ಜಾಗದಿಂದ ಬಹಳ ದೂರದಲ್ಲಿ, ಅರ್ಧ ಮಿಲಿಮೀಟರಿನ ಒಂದು ಕಪ್ಪು ಚುಕ್ಕೆ ಇತ್ತು. ಹಾಳೆ ನಡುಗಿದಾಗ ಚುಕ್ಕೆಯೂ ಜೊತೆಗೇ ನಡುಗಿದರೆ ಅದು ದೂಳು ಅಥವಾ ಕಾಗದದ ನಾರು. ಹಾಳೆ ನಡುಗಿದರೂ ಚುಕ್ಕೆ ಅಲುಗದಿದ್ದರೆ ಅದು ಬೆಳಕಿನೊಡನೆ ಬಂದದ್ದು. ಚುಕ್ಕೆ ಅಲುಗಲಿಲ್ಲ. ಡಲ್ಸಿ ದೂರದರ್ಶಕವನ್ನು ಕೂದಲೆಳೆಯಷ್ಟು ತಿರುಗಿಸಿದರು. ಸೂರ್ಯನ ಅಂಚು ಎಷ್ಟು ಸರಿಯಿತೋ ಚುಕ್ಕೆಯೂ ಅಷ್ಟೇ ಸರಿಯಿತು. ಅಂದರೆ ಅದು ಗಾಜಿನ ಮೇಲಿನ ದೂಳೂ ಅಲ್ಲ, ಸೂರ್ಯನದೇ.

"ಬಾ ಇಲ್ಲಿ," ಎಂದಿತು ಕೋಟಿನೊಳಗಿನ ಧ್ವನಿ. "ಮಾತಾಡ್ಬೇಡ. ಮೊದಲು ನೋಡು."

ಹತ್ತು ವರ್ಷ ಕಾದು ಕಂಡದ್ದನ್ನು ತೋರಿಸುವವರ ಧ್ವನಿಯಲ್ಲಿ ಇರಬೇಕಾದ ಸಂತೋಷ ಆ ಧ್ವನಿಯಲ್ಲಿ ಇರಲಿಲ್ಲ. ಅದರಲ್ಲಿ ಇದ್ದದ್ದು ಸಿಟ್ಟು. ಎಂಟು ದಿನ ಹಿಂದೆ ನಗರದ ಕೇಂದ್ರ ಕಚೇರಿಯಿಂದ ಬಂದಿದ್ದ ಒಂದು ಕಾಗದ ಆ ಕೋಟಿನ ಒಳಜೇಬಿನಲ್ಲೇ ಮಡಚಿಕೊಂಡು ಕೂತಿತ್ತು. ಡಲ್ಸಿಯವರ ಕಣ್ಣು ಮಂದವಾಗಿದೆ, ಆದ್ದರಿಂದ ಜೂನ್ ಮೂವತ್ತಕ್ಕೆ ಅವರು ಪೆನ್ಸಿಲ್ ಕೆಳಗಿಡಬೇಕು ಎಂದು ಅದರಲ್ಲಿ ಬಹಳ ವಿನಯದಿಂದ ಬರೆದಿತ್ತು.

ವಾರಬೀನ್ ಊರಿನಿಂದ ಹದಿನಾಲ್ಕು ಕಿಲೋಮೀಟರ್ ಆಚೆ, ಹತ್ತಿ ಹೊಲಗಳು ಮುಗಿದು ಕುರಿ ಹುಲ್ಲುಗಾವಲು ಶುರುವಾಗುವಲ್ಲಿ ನಮ್ಮ ಸೌರ ವೀಕ್ಷಣಾ ಕೇಂದ್ರವಿತ್ತು. ಎರಡು ಕಟ್ಟಡ, ಒಂದು ನೀರಿನ ತೊಟ್ಟಿ, ಅದರ ಮೇಲೆ ದಿನವಿಡೀ ಜಗಳವಾಡುವ ಬಿಳಿ ಗಿಳಿಗಳು. ಒಂದು ಕಟ್ಟಡದಲ್ಲಿ ಡಲ್ಸಿ ಸೂರ್ಯನ ಚಿತ್ರ ಬರೆಯುತ್ತಿದ್ದರು. ಇನ್ನೊಂದರಲ್ಲಿ ನಾನು ಸೌರಕಲೆಗಳ ಕಾಂತತ್ವವನ್ನು ಅಳೆಯುವ ಯಂತ್ರವನ್ನು ನೋಡಿಕೊಳ್ಳುತ್ತಿದ್ದೆ. ನನಗೆ ಭೌತಶಾಸ್ತ್ರದ ಪದವಿಯಿತ್ತು. ಡಲ್ಸಿ ಆ ಕೇಂದ್ರಕ್ಕೆ ಬಂದದ್ದು ನೆಲ ಒರೆಸಲು, ಚಹಾ ಮಾಡಲು ಮತ್ತು ಕಾಗದ ಟೈಪ್ ಮಾಡಲು. ಚಿತ್ರ ಬರೆಯುತ್ತಿದ್ದ ಮನುಷ್ಯ ಕುದುರೆಯಿಂದ ಬಿದ್ದು ಕೈ ಮುರಿದುಕೊಂಡಾಗ ಆರು ವಾರದ ಮಟ್ಟಿಗೆ ಎಂದು ಅವರ ಕೈಗೆ ಪೆನ್ಸಿಲ್ ಕೊಟ್ಟರಂತೆ. ಆ ಆರು ವಾರ ಮೂವತ್ತೊಂದು ವರ್ಷವಾಯಿತು.

ಅವರು ಎತ್ತರದ ಹೆಂಗಸು. ನಡಿಗೆಯಲ್ಲಿ ಒಂದು ವಿಚಿತ್ರವಿತ್ತು: ಕಾರು ನಿಲ್ಲಿಸಿದ ಜಾಗದಿಂದ ವೀಕ್ಷಣಾ ಕೋಣೆಯ ಬಾಗಿಲಿನವರೆಗೆ, ಕಡಿದಾದ ಮೆಟ್ಟಿಲು ಹತ್ತಿಕೊಂಡು, ರೈಲು ತಪ್ಪಿಹೋಗುವವರಂತೆ ಬಿರಬಿರನೆ ಬರುತ್ತಿದ್ದರು, ಬಾಗಿಲಲ್ಲಿ ಗಕ್ಕನೆ ನಿಂತುಬಿಡುತ್ತಿದ್ದರು. ಉಸಿರು ಪೂರ್ತಿ ಇಳಿದು, ಕೈ ನಿಶ್ಚಲವಾಗುವ ತನಕ ಒಳಗೆ ಕಾಲಿಡುತ್ತಿರಲಿಲ್ಲ. ನೋಡುವವರಿಗೆ ಅದು ಪ್ರಾರ್ಥನೆಯಂತೆ ಕಾಣುತ್ತಿತ್ತು. ಹಾಗೆಂದು ಒಮ್ಮೆ ಊರಿನ ಪಾದ್ರಿ ಹೇಳಿದಾಗ ಡಲ್ಸಿ "ಅಲ್ಲ, ಮೆಟ್ಟಿಲು" ಎಂದು ಮುಗಿಸಿದ್ದರು. ಪೆನ್ಸಿಲನ್ನು ಬ್ಲೇಡಿನಿಂದಲೇ ಚೂಪು ಮಾಡಬೇಕು. ಕೋಟು ಬೇಸಿಗೆಯ ನಲವತ್ತೆರಡು ಡಿಗ್ರಿ ಸೆಕೆಯಲ್ಲೂ ಬೇಕು, ಏಕೆಂದರೆ ಅದು ಚಳಿಗೆ ಹಾಕಿಕೊಂಡದ್ದಲ್ಲ. ಅದರ ಕತ್ತಲೆಯೊಳಗೆ ಮಾತ್ರ ಹಾಳೆಯ ಮೇಲಿನ ಅತಿ ಸಣ್ಣ ಕಲೆಗಳು ಕಾಣಿಸುತ್ತಿದ್ದವು. ಗಾರ್ಡಾಗಿದ್ದ ತಂದೆಯ ಆ ಕೋಟಿನಲ್ಲಿ ಹಿತ್ತಾಳೆಯ ಎಂಟು ಗುಂಡಿಗಳಿದ್ದುವು. ಹೊಳಪಿನಿಂದ ಹಾಳೆಯ ಮೇಲೆ ಬೆಳಕು ಚೆಲ್ಲುತ್ತವೆಂದು ಎಂಟಕ್ಕೂ ಕಪ್ಪು ಬಟ್ಟೆ ಸುತ್ತಿದ್ದರು.

ಅವರ ಸಿಟ್ಟು ಕಿವಿಗೆ ಕೇಳಿಸುವಂಥದ್ದಲ್ಲ. ಸಿಟ್ಟು ಏರಿದಷ್ಟೂ ಅವರ ಅಕ್ಷರ ಸಣ್ಣದಾಗುತ್ತಿತ್ತು. ಊರಿನ ಪತ್ರಿಕೆ ಒಮ್ಮೆ ಅವರ ಫೋಟೋ ಹಾಕಿ, 'ಸೂರ್ಯನನ್ನು ದಿಟ್ಟಿಸುವ ಅಜ್ಜಿ' ಎಂದು ಬರೆದಾಗ ಅವರು ಸಂಪಾದಕರಿಗೆ ಕಳಿಸಿದ ಉತ್ತರವನ್ನು ಓದಲು ಪಾಪ, ಆ ಮನುಷ್ಯ ಭೂತಗನ್ನಡಿ ತರಿಸಬೇಕಾಯಿತು. 'ನನಗೆ ಮೊಮ್ಮಕ್ಕಳಿಲ್ಲ. ಸೂರ್ಯನನ್ನು ದಿಟ್ಟಿಸುವವರು ಕುರುಡಾಗುತ್ತಾರೆ. ನಾನು ಹಾಳೆಯನ್ನು ನೋಡುತ್ತೇನೆ' ಎಂಬ ಮೂರು ವಾಕ್ಯ ಒಂದು ಅಂಚೆಚೀಟಿಯ ಅಗಲದಲ್ಲಿ ಹಿಡಿಸಿದ್ದವು.

ಇನ್ನೊಂದು ಅವರ ಮಾತಿನ ಚಾಳಿ. ಯಾರು ಏನು ಸುದ್ದಿ ತಂದರೂ ಡಲ್ಸಿ ಕೇಳುತ್ತಿದ್ದದ್ದು ಒಂದೇ: "ನೀನು ನೋಡಿದ್ಯಾ?" ಜನರೇಟರ್ ನೋಡಿಕೊಳ್ಳುತ್ತಿದ್ದ ಕ್ಲೆಮ್ ಎಂಬಾತನಿಗೆ ಊರಿನ ಸುದ್ದಿಯೆಲ್ಲ ನಾಲಗೆಯ ತುದಿಯಲ್ಲಿ. ಹೋಟೆಲಿನ ಮಾಲೀಕ ಹೆಂಡತಿಯನ್ನು ಬಿಟ್ಟನಂತೆ ಎಂದು ಅವನು ಚಹಾದ ಹೊತ್ತಿಗೆ ಶುರು ಮಾಡಿದರೆ, "ನೀನು ನೋಡಿದ್ಯಾ?" "ನೋಡೋದೇನು ಡಲ್ಸಿ, ಊರೆಲ್ಲಾ ಹೇಳ್ತಿದೆ." "ಹಾಗಾದ್ರೆ ಊರನ್ನೇ ಕರ್ಕೊಂಡು ಬಾ, ನಿನಗೆ ಬಿಸ್ಕತ್ತು ಇಲ್ಲ." ಕ್ಲೆಮ್ ಸುಮ್ಮನಿರುವವನಲ್ಲ. ಬೆಳಗ್ಗೆ ಕೋಟು ತಲೆಯಿಂದ ಇಳಿದ ಕೂಡಲೇ ಕೇಳುತ್ತಿದ್ದ: "ಏನಮ್ಮಾ, ಇವತ್ತಾದ್ರೂ ನಿಮ್ಮ ಯಜಮಾನ್ರ ಮುಖದ ಮೇಲೆ ಮೊಡವೆ ಎದ್ದಿದೆಯಾ?"

"ಇಲ್ಲ. ನಿನ್ನ ಮುಖಕ್ಕಿಂತ ನೂರು ಪಾಲು ಚೆನ್ನಾಗಿದೆ, ಹೋಗು."

ನಾನು ಸೇರಿದ ಮೊದಲ ವರ್ಷವೇ ಅವರ ಸಿಟ್ಟಿನ ರುಚಿ ಕಂಡೆ. ಡಲ್ಸಿ ತಂಗಿಯ ಮನೆಗೆಂದು ಎರಡು ದಿನ ಹೋಗಿದ್ದರು. ಚಿತ್ರ ಬರೆಯುವ ಕೆಲಸ ನನ್ನದಾಗಿತ್ತು. ಎರಡನೆಯ ದಿನ ಬೆಳಗಿನಿಂದ ಸಂಜೆಯ ತನಕ ಮೋಡ. ಹಿಂದಿನ ಒಂಬತ್ತು ದಿನ ಸೂರ್ಯನ ಮೇಲೆ ಒಂದು ಕಲೆಯೂ ಇರಲಿಲ್ಲ. ಹತ್ತನೆಯ ದಿನವೂ ಇರಲಾರದು ಎಂದುಕೊಂಡು ನಾನು ದಾಖಲೆ ಪುಸ್ತಕದಲ್ಲಿ ಸೊನ್ನೆ ಬರೆದೆ. ಮರುದಿನ ಡಲ್ಸಿ ಬಂದು ಪುಸ್ತಕ ತೆರೆದರು, ಆಮೇಲೆ ಪಕ್ಕದ ಪುಟದ ಹವಾಮಾನದ ಟಿಪ್ಪಣಿ ಓದಿದರು.

"ನಿನ್ನೆ ಸೂರ್ಯ ಕಾಣಿಸ್ತಾ?"

"ಇಲ್ಲ, ಮೋಡ ಇತ್ತು."

"ಮತ್ತೆ ಇದೇನು?"

"ಒಂಬತ್ತು ದಿನದಿಂದ ಏನೂ ಇರ್ಲಿಲ್ವಲ್ಲ, ಅದಕ್ಕೇ..."

"ಸೊನ್ನೆ ಅಂದ್ರೆ ನಾನು ನೋಡಿದೆ, ಕಲೆ ಇರಲಿಲ್ಲ ಅಂತ. ಅಡ್ಡಗೀಟು ಅಂದ್ರೆ ನಾನು ನೋಡಲಿಲ್ಲ ಅಂತ. ಎರಡೂ ಒಂದೇ ಅಂತ ಪದವಿ ಕೊಡುವಾಗ ಹೇಳಿಕೊಟ್ರಾ? ನೀನು ನೋಡದೇ ಇದ್ದದ್ದನ್ನ ಸೂರ್ಯನ ತಲೆಗೆ ಕಟ್ಟಬೇಡ ಕಣಯ್ಯಾ."

ಸೊನ್ನೆಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಅಡ್ಡಗೀಟು ಎಳೆದು, ನನ್ನ ಹೆಸರಿನ ಮೊದಲಕ್ಷರ ಹಾಕಿದೆ. ಅವರು ಅದರ ಕೆಳಗೆ ತಮ್ಮದನ್ನು ಹಾಕಿದರು. ಅವರ ಅಕ್ಷರ ಸಾಸಿವೆಯಷ್ಟಿತ್ತು.

ಇದೆಲ್ಲ ಹಟಮಾರಿತನವೆಂದು ತೋರಬಹುದಾದ್ದರಿಂದ ಒಂದು ವಿಷಯ ಹೇಳಬೇಕು. ಸೂರ್ಯನ ಕಲೆಗಳು ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಏರಿ ಇಳಿಯುತ್ತವೆ. ಒಂದು ಚಕ್ರ ಸಾಯುವ ಕಾಲಕ್ಕೆ ಅದರ ಕೊನೆಯ ಕಲೆಗಳು ಸಮಭಾಜಕದ ಹತ್ತಿರ, ಐದೋ ಎಂಟೋ ಡಿಗ್ರಿಯಲ್ಲಿ ಏಳುತ್ತವೆ. ಹೊಸ ಚಕ್ರದ ಮೊದಲ ಕಲೆಗಳಾದರೋ ಮೂವತ್ತು ಡಿಗ್ರಿಯ ಆಸುಪಾಸಿನಲ್ಲಿ, ಉತ್ತರಕ್ಕೋ ದಕ್ಷಿಣಕ್ಕೋ ಬಹಳ ದೂರದಲ್ಲಿ ಹುಟ್ಟುತ್ತವೆ. ಅವುಗಳ ಕಾಂತತ್ವವೂ ಹಳೆಯವುಗಳಿಗೆ ತಲೆಕೆಳಗಾಗಿರುತ್ತದೆ. ಹಳೆಯದು ಇನ್ನೂ ಉಸಿರಾಡುತ್ತಿರುವಾಗಲೇ ಹೊಸದು ಕಣ್ಣು ಬಿಡುತ್ತದೆ. ಆ ಮೊದಲ ಚುಕ್ಕೆಗಳು ಎಷ್ಟು ಸಣ್ಣವು, ಎಷ್ಟು ಅಲ್ಪಾಯುಷಿಗಳು ಎಂದರೆ ಕೆಲವು ಒಂದು ಹಗಲನ್ನೂ ದಾಟುವುದಿಲ್ಲ. ತಿಂಗಳುಗಟ್ಟಲೆ ಖಾಲಿಯಿರುವ ಸೂರ್ಯನನ್ನು ದಿನವೂ ಹೊಸದೆಂಬಂತೆ ನೋಡುವವರಿಗೆ ಮಾತ್ರ ಅವು ಸಿಗುತ್ತವೆ. ಡಲ್ಸಿ ಅಂಥ ಎರಡು ತಿರುವುಗಳನ್ನು ಕಂಡಿದ್ದರು. ಇದು ಮೂರನೆಯದು, ಅವರ ವಯಸ್ಸಿಗೆ ಕೊನೆಯದು.

ಆ ಕಾಗದ ಬಂದದ್ದು ಇಂಥ ಕಾಲದಲ್ಲಿ. ಒಬ್ಬೊಬ್ಬ ವೀಕ್ಷಕರಿಗೂ ಒಂದು ಗುಣಾಂಕವಿರುತ್ತದೆ. ಅವರ ಎಣಿಕೆಯನ್ನು ಅದರಿಂದ ಗುಣಿಸಿದರೆ ಎಲ್ಲ ಕೇಂದ್ರಗಳೂ ಒಪ್ಪಿದ ಎಣಿಕೆ ಬರಬೇಕು. ಕಣ್ಣು ಚುರುಕಾದಷ್ಟೂ ಗುಣಾಂಕ ಚಿಕ್ಕದು. ಡಲ್ಸಿಯವರದು ಇಪ್ಪತ್ತೊಂಬತ್ತು ವರ್ಷ ಪಾಯಿಂಟ್ ಏಳು ನಾಲ್ಕರ ಸುತ್ತಲೇ ನಿಂತಿತ್ತು. ಕೇಂದ್ರ ಕಚೇರಿಯವರು ಹಿಂದಿನ ಎರಡು ವರ್ಷದ ದಾಖಲೆಯನ್ನು ಹೊಸದಾಗಿ ಕಂಪ್ಯೂಟರಿಗೆ ತುಂಬಿಸಿ ನೋಡಿದಾಗ ಅದು ಪಾಯಿಂಟ್ ಒಂಬತ್ತು ಎರಡಕ್ಕೆ ಏರಿತ್ತು. ವಾರಿಕ್ ಡೂನ್ ಎಂಬ ಸಂಯೋಜಕರು ರುಜು ಹಾಕಿದ ಕಾಗದ ಹೇಳಿದ್ದು ಇಷ್ಟು: ವಯೋಸಹಜವಾಗಿ ವೀಕ್ಷಕಿಯ ದೃಷ್ಟಿ ಕುಂದಿದೆ, ಕೈಯಿಂದ ಚಿತ್ರ ಬರೆಯುವ ಕೆಲಸವನ್ನು ಜೂನ್ ಕೊನೆಗೆ ನಿಲ್ಲಿಸಲಾಗುವುದು, ದೀರ್ಘ ಸೇವೆಗೆ ಕೃತಜ್ಞತೆಗಳು.

ಅವರು ಓದಿ ಮಡಚಿದ್ದನ್ನು ನೋಡಿ ನಾನು ಏನಂತೆ ಎಂದೆ.

"ಕಣ್ಣು ಹೋಗಿದೆಯಂತೆ."

"ಯಾರದು?"

"ನಂದು. ಆರುನೂರು ಕಿಲೋಮೀಟರ್ ಆಚೆ ಕೂತು ಕಂಡುಹಿಡಿದಿದ್ದಾರೆ."

ಆಮೇಲೆ ಎಂಟು ದಿನ ದಾಖಲೆ ಪುಸ್ತಕದಲ್ಲಿ ಅವರ ಅಕ್ಷರ ಇನ್ನಷ್ಟು ಸಣ್ಣದಾಯಿತು. ಕ್ಲೆಮ್ ಕೂಡ ಮೊಡವೆಯ ಸುದ್ದಿ ಎತ್ತಲಿಲ್ಲ.

ಈಗ ಆ ಮೇ ತಿಂಗಳ ಬೆಳಗಿಗೆ ಮರಳುತ್ತೇನೆ. ಕೋಟಿನೊಳಗೆ ನಾನೂ ತಲೆ ತೂರಿಸಿದೆ. ಹಳೆಯ ಉಣ್ಣೆ, ಕರ್ಪೂರದ ಗುಳಿಗೆ ಮತ್ತು ಚಹಾದ ವಾಸನೆ. ಚುಕ್ಕೆ ಕಂಡಿತು. ಅದರ ಪಕ್ಕದಲ್ಲಿ, ಡಲ್ಸಿ ತೋರಿಸಿದ ಮೇಲೆ, ಇನ್ನೂ ಸಣ್ಣ ಎರಡನೆಯದು: ಜೋಡಿ. ಅವರು ಅದನ್ನು ಬರೆದು, ಗಡಿಯಾರ ನೋಡಿ ಹೊತ್ತು ಗುರುತಿಸಿ, ಗೆರೆಗಳ ಪಾರದರ್ಶಕ ಹಾಳೆಯನ್ನು ಚಿತ್ರದ ಮೇಲಿಟ್ಟರು. ದಕ್ಷಿಣ ಅಕ್ಷಾಂಶ ಮೂವತ್ತೆರಡು ಡಿಗ್ರಿ. ನಾನು ಇನ್ನೊಮ್ಮೆ ಅಳೆದೆ. ಮೂವತ್ತೆರಡೇ.

"ನಿನ್ನ ಯಂತ್ರಕ್ಕೆ ಹೋಗು," ಎಂದರು. "ಕಾಂತ ಅಳೆ. ತಲೆಕೆಳಗಿದ್ರೆ ಮುಗೀತು, ಹೊಸ ಚಕ್ರ ಅಲ್ಲ ಅಂತ ಯಾರೂ ಅನ್ನೋ ಹಾಗಿಲ್ಲ."

ನಾನು ಕದಲಲಿಲ್ಲ. ನನ್ನ ಯಂತ್ರದ ಮೋಟಾರು ಹಿಂದಿನ ವಾರ ಸುಟ್ಟು ನಗರಕ್ಕೆ ರಿಪೇರಿಗೆ ಹೋಗಿತ್ತು. ಅದು ಅವರಿಗೂ ಗೊತ್ತಿದ್ದ ಸಂಗತಿ. ಆ ಗಳಿಗೆಯಲ್ಲಿ ಮರೆತಿದ್ದರು, ಅಷ್ಟೆ. ನನ್ನ ಮುಖ ನೋಡಿ ನೆನಪಾಯಿತು. "ಹೌದಲ್ಲ," ಎಂದರು. ಆ ಒಂದು ಮಾತಿನಲ್ಲಿದ್ದ ನಿರಾಸೆ ನನಗೆ ಇವತ್ತಿಗೂ ಚುಚ್ಚುತ್ತದೆ.

ಒಂಬತ್ತೂವರೆಗೆ ಪಶ್ಚಿಮದಿಂದ ಮೋಡ ಬಂತು. ಎರಡು ದಿನ ಕವಿದೇ ಇತ್ತು. ಆ ಎರಡೂ ದಿನ ಡಲ್ಸಿ ಕೋಟು ಹೊದ್ದು ಖಾಲಿ ಹಲಗೆಯ ಮುಂದೆ ಕೂತಿದ್ದು, ಸಂಜೆಗೆ ಎದ್ದು ಅಡ್ಡಗೀಟು ಎಳೆದರು. ಜೋಡಿಯ ಜಾಗವನ್ನು ಲೆಕ್ಕಹಾಕಿ ಚುಕ್ಕೆಗೆರೆಯಲ್ಲಾದರೂ ಗುರುತಿಸೋಣ ಎಂದೆ. ಅವರು ಬೈಯಲಿಲ್ಲ. "ನೋಡಿದ್ಯಾ?" ಎಂದಷ್ಟೇ ಕೇಳಿದರು. ಮೂರನೆಯ ದಿನ ಆಕಾಶ ತೊಳೆದಿಟ್ಟ ಹಾಗಿತ್ತು, ಸೂರ್ಯನೂ ಹಾಗೇ. ಡಲ್ಸಿ ಸೊನ್ನೆ ಬರೆದರು.

ನಾವು ಕಳಿಸಿದ್ದ ಚಿತ್ರದ ವಿವರಕ್ಕೆ ಕಚೇರಿಯ ಟೆಲೆಕ್ಸ್ ಉತ್ತರ ಬಂದದ್ದು ಆ ಮಧ್ಯಾಹ್ನ. ಬೇರೆ ಯಾವ ಕೇಂದ್ರವೂ ಆ ಜೋಡಿಯನ್ನು ಕಂಡಿಲ್ಲ. ವೀಕ್ಷಕಿಯ ಇತ್ತೀಚಿನ ಗುಣಾಂಕವನ್ನು ಗಮನಿಸಿ ಮೇ ಇಪ್ಪತ್ತೇಳರ ಚಿತ್ರವನ್ನು ಪಟ್ಟಿಯಿಂದ ಕೈಬಿಡಲಾಗಿದೆ. ಇದನ್ನು ಬರೆಯುವಾಗಲೂ ನನ್ನ ಕೈ ಬಿಸಿಯಾಗುತ್ತದೆ. ಎರಡು ತಿಂಗಳ ಹಿಂದೆ ಅದೇ ಕಚೇರಿ ಅವರ ಒಂದು ಸೊನ್ನೆಯನ್ನು ಮರುಮಾತಿಲ್ಲದೆ ಸ್ವೀಕರಿಸಿತ್ತು. ಕಾಣಲಿಲ್ಲ ಎಂದಾಗ ನಂಬಿದವರು ಕಂಡೆ ಎಂದಾಗ ಕಣ್ಣು ಸರಿಯಿಲ್ಲ ಎಂದರು.

ನಾನಾಗಿದ್ದರೆ ಜಗಳದ ಕಾಗದ ಬರೆಯುತ್ತಿದ್ದೆ. ಡಲ್ಸಿ ಬರೆದದ್ದು ಒಂದೇ ವಾಕ್ಯ, ಭೂತಗನ್ನಡಿಯ ಅಕ್ಷರದಲ್ಲಿ: 'ನನ್ನ ಕಣ್ಣು ತಪ್ಪಿದ ದಿನಗಳು ಯಾವುವು, ಪಟ್ಟಿ ಕಳಿಸಿ.'

ಹತ್ತು ದಿನದ ಮೇಲೆ ಪಟ್ಟಿ ಬಂತು. ಅಂಚಿನಲ್ಲಿ ತೂತುಗಳಿದ್ದ, ಮಡಿಕೆಮಡಿಕೆಯಾಗಿ ಬಿಚ್ಚಿಕೊಳ್ಳುವ ಕಂಪ್ಯೂಟರ್ ಕಾಗದ. ಎರಡು ವರ್ಷದ ಒಂದೊಂದು ದಿನಕ್ಕೂ ಒಂದೊಂದು ಅಂಕಿ. ಚಹಾ ಕೋಣೆಯ ಮೇಜಿನ ಮೇಲೆ ಅದನ್ನು ಹಾಸಿಕೊಂಡು ಡಲ್ಸಿ ಬೆರಳಿಟ್ಟು ಇಳಿಯುತ್ತಾ ಹೋದರು. ಕ್ಲೆಮ್ ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದ. ಬೆರಳು ಒಂದು ಕಡೆ ನಿಂತಿತು.

"ಕ್ಲೆಮ್, ನೀನು ಗಾಡಿನ ಬೇಲಿಗೆ ಗುದ್ದಿದ್ದು ಯಾವತ್ತು?"

"ಅದ್ಯಾಕೀಗ? ಅದನ್ನ ರಿಪೇರಿ ಮಾಡಿಸಿ ಆಯ್ತು."

"ಯಾವತ್ತು ಅಂದೆ."

"ಡಿಸೆಂಬರ್ ಹನ್ನೊಂದು. ನನ್ನ ಹೆಂಡತಿ ಹುಟ್ಟಿದ ದಿನ. ಕೆಂಪು ದೂಳು ಎದ್ದಿತ್ತಲ್ಲ, ಹಗಲು ಹನ್ನೊಂದಕ್ಕೆ ದೀಪ ಹಾಕಿದ್ರೂ ನನ್ನ ಗಾಡಿ ಮೂತಿ ನನಗೇ ಕಾಣಿಸ್ತಿರಲಿಲ್ಲ."

"ಬೇಲಿನೇ ಕಾಣದ ದಿನ ನಾನು ಸೂರ್ಯನ್ನ ನೋಡಿ, ಕಲೆ ಇಲ್ಲ ಅಂತ ಹೇಳಿದ್ದೀನಂತೆ. ನೋಡು ಇಲ್ಲಿ. ಸೊನ್ನೆ."

ನಾನು ಅಲಮಾರಿಯಿಂದ ನಮ್ಮ ದಾಖಲೆ ಪುಸ್ತಕ ತಂದೆ. ಡಿಸೆಂಬರ್ ಹನ್ನೊಂದರ ಎದುರು ಅವರದೇ ಕೈಯ, ನೆಟ್ಟಗಿನ ಅಡ್ಡಗೀಟು. ಮೂರು ಮಧ್ಯಾಹ್ನ ಕೂತು ಎರಡನ್ನೂ ದಿನದಿನಕ್ಕೆ ಹೋಲಿಸಿದೆವು. ನಾನು ಓದುತ್ತಿದ್ದೆ, ಅವರು ಪೆನ್ಸಿಲ್ ಹಿಡಿದು ಪಟ್ಟಿಯ ಸೊನ್ನೆಗಳ ಮೇಲೆ ಗೀಟು ಎಳೆಯುತ್ತಿದ್ದರು. ಏಳುನೂರ ಮೂವತ್ತು ದಿನದಲ್ಲಿ ನೂರ ನಲವತ್ತಮೂರು. ಅವರು ನೋಡದ ಅಷ್ಟೂ ದಿನ, ನೋಡಿಯೂ ಏನೂ ಕಾಣದ ದಿನಗಳಾಗಿ ಹೋಗಿದ್ದವು. ಆ ಮೋಡದ ದಿನಗಳಲ್ಲಿ ಬೇರೆ ಕಡೆ ಬಿಸಿಲಿತ್ತು, ಅಲ್ಲಿಯವರು ಕಲೆಗಳನ್ನು ಎಣಿಸಿದ್ದರು. ಅದಕ್ಕೆ ಹೋಲಿಸಿದರೆ ಡಲ್ಸಿಯವರ ಕಣ್ಣು ಕುರುಡಾಗಿ ಕಾಣದೆ ಇನ್ನೇನು? ಆ ದಿನಗಳನ್ನು ತೆಗೆದುಹಾಕಿ ನಾನು ಗುಣಾಂಕವನ್ನು ಮತ್ತೆ ಲೆಕ್ಕ ಮಾಡಿದೆ. ಪಾಯಿಂಟ್ ಏಳು ನಾಲ್ಕು. ಮೂವತ್ತೊಂದು ವರ್ಷದಲ್ಲಿ ಆ ಕಣ್ಣು ಒಂದು ಕೂದಲಿನಷ್ಟೂ ಕುಂದಿರಲಿಲ್ಲ.

ಎಲ್ಲವನ್ನೂ ಬರೆದು ಕಳಿಸಿದೆವು. ಉತ್ತರ ಬರಲಿಲ್ಲ. ಜೂನ್ ಮೂವತ್ತರಂದು ಡೂನ್ ಅವರೇ ಬಂದರು, ಕೈಯಲ್ಲಿ ಕೇಕಿನ ಪೆಟ್ಟಿಗೆ ಹಿಡಿದು.

ಕೇಕಿನ ಮೇಲೆ ಹಳದಿ ಸಕ್ಕರೆಯ ಸೂರ್ಯ, ಅದರ ನೆತ್ತಿಯ ಮೇಲೆ ಕಲೆಗಳೆಂದು ಐದಾರು ಒಣದ್ರಾಕ್ಷಿ. ಡಲ್ಸಿ ಅದನ್ನು ಬಹಳ ಹೊತ್ತು ನೋಡಿದರು.

"ಧ್ರುವದ ಮೇಲೆ ಕಲೆ ಇಟ್ಟಿದ್ದಾರೆ. ಅಲ್ಲಿ ಯಾವತ್ತೂ ಏಳಲ್ಲ."

"ರುಚಿ ಚೆನ್ನಾಗಿದೆಯಂತೆ," ಎಂದರು ಡೂನ್.

"ಇರಬಹುದು. ಮಿಸ್ಟರ್ ಡೂನ್, ಡಿಸೆಂಬರ್ ಹನ್ನೊಂದರಂದು ನೀವು ಸೂರ್ಯನ್ನ ನೋಡಿದ್ರಾ?"

"ನಾನೆಲ್ಲಿ ನೋಡ್ಲಿ ಡಲ್ಸಿ? ನಾನು ಸಂಯೋಜಕ."

"ನಾನೂ ನೋಡ್ಲಿಲ್ಲ. ಮತ್ತೆ ಈ ಸೊನ್ನೆ ಯಾರು ನೋಡಿದ್ದು?"

ಡೂನ್ ಕೆಟ್ಟ ಮನುಷ್ಯನಲ್ಲ. ಪಟ್ಟಿಯ ಮೇಲಿನ ಪೆನ್ಸಿಲ್ ಗೀಟುಗಳನ್ನು ನೋಡುತ್ತಿದ್ದಂತೆ ಅವರ ಕಿವಿ ಕೆಂಪಾಯಿತು. ಅಂಕಿಗಳ ಅಂಕಣದಲ್ಲಿ ಯಂತ್ರ ಗೀಟನ್ನು ತೆಗೆದುಕೊಳ್ಳುವುದಿಲ್ಲ ಎಂದರು. ಟೈಪ್ ಮಾಡುವವರು ಅದನ್ನು ಖಾಲಿ ಬಿಟ್ಟಿದ್ದಾರೆ, ಖಾಲಿಯನ್ನು ಯಂತ್ರ ಸೊನ್ನೆಯೆಂದು ಓದಿದೆ. "ಅದಕ್ಕೇ ಸುತ್ತೋಲೆ ಕಳಿಸಿದ್ದು ನಾವು. ನೋಡದ ದಿನಕ್ಕೆ ಒಂಬೈನೂರ ತೊಂಬತ್ತೊಂಬತ್ತು ಅಂತ ಬರೀರಿ ಅಂತ. ಬೇರೆ ಕೇಂದ್ರದೋರೆಲ್ಲ ಬರೀತಾರೆ. ನಿಮಗೂ ಬಂದಿತ್ತು."

ಬಂದಿತ್ತು. ಅದನ್ನು ನಾನು ಆಮೇಲೆ ಕಡತದಲ್ಲಿ ನೋಡಿದೆ. ಅದರ ಮೂಲೆಯಲ್ಲಿ ಸಾಸಿವೆಯಕ್ಷರದಲ್ಲಿ 'ನೋಡದ ದಿನಕ್ಕೆ ಅಂಕಿ ಬರೆಯುವುದಿಲ್ಲ' ಎಂದಿತ್ತು. ಅದರ ನಕಲನ್ನು ಡಲ್ಸಿ ಕಚೇರಿಗೂ ಕಳಿಸಿದ್ದರು, ಅಲ್ಲಿ ಯಾರೂ ಭೂತಗನ್ನಡಿ ತರಿಸಿರಲಿಲ್ಲ. ಅವರು ಆ ಮೂರು ಒಂಬತ್ತುಗಳನ್ನು ಬರೆದಿದ್ದರೆ ಇದಾವುದೂ ಆಗುತ್ತಿರಲಿಲ್ಲ ಎಂಬುದು ನಿಜ. ನಾನು ನಿಖರವಾಗಿ ಹೇಳಬೇಕಾದರೆ ಅದನ್ನೂ ಹೇಳಬೇಕು.

ಡಲ್ಸಿ ಕೇಕಿನ ಚಾಕುವನ್ನು ಕೆಳಗಿಟ್ಟರು. "ಅಂದ್ರೆ, ಸುಳ್ಳು ಅಂಕಿ ಬರೆದಿದ್ರೆ ನನ್ನ ಕಣ್ಣು ಚೆನ್ನಾಗಿರ್ತಿತ್ತು ಅನ್ನಿ."

"ಅದು ಸುಳ್ಳಲ್ಲ ಡಲ್ಸಿ, ಸಂಕೇತ. ಯಂತ್ರಕ್ಕೆ ಗೀಟು ತಿಳಿಯಲ್ಲ."

"ಕಲಿಸಿ. ಇವನಿಗೂ ತಿಳೀತಿರಲಿಲ್ಲ." ನನ್ನತ್ತ ಗಲ್ಲ ಎತ್ತಿದರು. "ಎರಡು ನಿಮಿಷ ಹಿಡೀತು."

ಕ್ಲೆಮ್ ಬಾಗಿಲಲ್ಲಿ ನಿಂತು ನಕ್ಕ. ಡೂನ್ ನಗಲಿಲ್ಲ. ಗುಣಾಂಕವನ್ನು ತಿದ್ದಿಸುತ್ತೇನೆ, ಕಣ್ಣಿನ ಮಾತಿಗೆ ಲಿಖಿತವಾಗಿ ಕ್ಷಮೆ ಕೇಳುತ್ತೇನೆ ಎಂದರು. ಆದರೆ ಚಿತ್ರ ಬರೆಯುವ ಕೆಲಸ ನಿಲ್ಲಿಸುವ ಆದೇಶಕ್ಕೆ ಮೇಲಿನವರ ರುಜು ಬಿದ್ದಾಗಿದೆ, ಕಾರಣ ತಪ್ಪಾದರೂ ಆದೇಶ ಆದೇಶವೇ. ಆಗ ನಾನು ಎದ್ದೆ. ಏನೇನು ಹೇಳಿದೆನೋ ಪೂರ್ತಿ ನೆನಪಿಲ್ಲ. ಕುರ್ಚಿ ಹಿಂದಕ್ಕೆ ಬಿದ್ದ ಸದ್ದು ನೆನಪಿದೆ. ಒಬ್ಬರ ಮೇಲೆ ಹೊರಿಸಿದ ದೋಷ ಸುಳ್ಳೆಂದು ಒಪ್ಪಿಕೊಂಡು, ಆ ದೋಷಕ್ಕೆ ಕೊಟ್ಟ ಶಿಕ್ಷೆಯನ್ನು ಮಾತ್ರ ಉಳಿಸಿಕೊಳ್ಳುವ ಈ ನಯವಾದ ಅನ್ಯಾಯವನ್ನು ನಾನು ಆಮೇಲೆ ಬೇರೆ ಕಚೇರಿಗಳಲ್ಲೂ ಕಂಡಿದ್ದೇನೆ. ಅಭ್ಯಾಸವಾಗಿಲ್ಲ.

"ಕೂತ್ಕೋ ಮಾರಾಯ," ಎಂದರು ಡಲ್ಸಿ. "ಕೇಕು ತಿನ್ನು. ಮಿಸ್ಟರ್ ಡೂನ್, ನನಗೆ ಎರಡು ಬೇಕು. ನನ್ನ ಗೀಟುಗಳೆಲ್ಲ ವಾಪಸ್ ಬರಬೇಕು. ಮೇ ಇಪ್ಪತ್ತೇಳೂ ವಾಪಸ್ ಬರಬೇಕು."

"ಗೀಟುಗಳು ಬರ್ತವೆ. ಮೇದು... ಬೇರೆ ಕೇಂದ್ರದೋರು ಯಾರೂ ನೋಡಿಲ್ಲ, ಕಾಂತದ ಅಳತೆನೂ ಇಲ್ಲ. 'ದೃಢಪಟ್ಟಿಲ್ಲ' ಅಂತ ಸೇರಿಸಬಹುದು, ಅಷ್ಟೇ."

ನಾನು ಮತ್ತೆ ಬಾಯಿ ತೆರೆದೆ. ಡಲ್ಸಿ ಕೈಯೆತ್ತಿ ತಡೆದರು. "ಅದು ಸರಿ. ಹಾಗೇ ಹಾಕಿ. ದೃಢಪಟ್ಟಿಲ್ಲ ಅನ್ನೋದು ನಿಜ ತಾನೇ?"

ಮರುದಿನದಿಂದ ಹಲಗೆ ಖಾಲಿ. ಸೆಪ್ಟೆಂಬರಿನಲ್ಲಿ, ರಿಪೇರಿಯಾಗಿ ಬಂದ ನನ್ನ ಯಂತ್ರದಲ್ಲಿ ಮೂವತ್ತು ಡಿಗ್ರಿ ದಕ್ಷಿಣದಲ್ಲಿ ಒಂದು ಜೋಡಿ ಸಿಕ್ಕಿತು. ಎರಡು ಸಲ ಅಳೆದೆ. ಕಾಂತತ್ವ ತಲೆಕೆಳಗು. ಹೊಸ ಚಕ್ರ, ಅನುಮಾನವೇ ಇಲ್ಲ. ನಾನು ಊರಿಗೆ ಗಾಡಿ ಓಡಿಸಿದೆ. ಡಲ್ಸಿ ಮನೆಯ ಮುಂದಿನ ಜಗಲಿಯಲ್ಲಿ ಅದೇ ಕೋಟನ್ನು ಮಂಡಿಯ ಮೇಲೆ ಹರಡಿಕೊಂಡು ಬಟಾಣಿ ಸುಲಿಯುತ್ತಿದ್ದರು. ಎಂಟು ಗುಂಡಿಗಳ ಮೇಲಿನ ಕಪ್ಪು ಬಟ್ಟೆ ಹಾಗೇ ಇತ್ತು.

"ಶುರುವಾಯ್ತು," ಎಂದೆ.

"ನೀನು ನೋಡಿದ್ಯಾ?"

"ನೋಡಿದೆ. ಮೂವತ್ತು ದಕ್ಷಿಣ. ತಲೆಕೆಳಗು."

ಅವರು ಬಟಾಣಿಯ ಬೋಗುಣಿ ಕೆಳಗಿಟ್ಟರು. ಆಮೇಲೆ ಕೇಳಿದರು: "ಚಿತ್ರ ಯಾರು ಬರೆದ್ರು?"

ಯಾರೂ ಇಲ್ಲ ಎಂದೆ. ಅವರು ತಲೆಯಾಡಿಸಿ ಮತ್ತೆ ಬಟಾಣಿ ಎತ್ತಿಕೊಂಡರು. ಆ ತಲೆಯಾಡಿಸುವಿಕೆಯಲ್ಲಿದ್ದ ಸಿಟ್ಟು ಅವರ ಅತಿ ಸಣ್ಣ ಅಕ್ಷರಕ್ಕಿಂತಲೂ ಸಣ್ಣದಾಗಿತ್ತು.

ಮರುವರ್ಷದ ಪಟ್ಟಿಯಲ್ಲಿ ನೂರ ನಲವತ್ತಮೂರು ಗೀಟುಗಳೂ ಇದ್ದವು. ಯಂತ್ರ ಕಲಿತಿತ್ತು. ಮೇ ಇಪ್ಪತ್ತೇಳರ ಎದುರು 'ದೃಢಪಟ್ಟಿಲ್ಲ' ಎಂದಿತ್ತು. ಇವತ್ತಿಗೂ ಹಾಗೇ ಇದೆ. ಆ ಜೋಡಿಯನ್ನು ನಾನು ನೋಡಿದ್ದೇನೆ, ಆದರೆ ಅದರ ಕಾಂತತ್ವವನ್ನು ನಾನು ಅಳೆದಿಲ್ಲ.

ಇಂಥವರು ಒಂದೊಂದು ಕೆಲಸದಲ್ಲೂ ಅಲ್ಲಲ್ಲಿ ಒಬ್ಬೊಬ್ಬರು ಇರುತ್ತಾರೆ: ಮಳೆ ಅಳೆಯುವವರಲ್ಲಿ, ಕಡಲ ಮಟ್ಟ ಬರೆಯುವವರಲ್ಲಿ, ಆಸ್ಪತ್ರೆಯಲ್ಲಿ ಜ್ವರದ ಗೆರೆ ಎಳೆಯುವವರಲ್ಲಿ. ಅವರೊಡನೆ ಬದುಕುವುದು ಸುಲಭವಲ್ಲ. ಸುತ್ತೋಲೆ ಪಾಲಿಸುವುದಿಲ್ಲ, ಹೊಗಳಿದರೆ ತಿದ್ದುತ್ತಾರೆ, ಕೇಕಿನಲ್ಲೂ ತಪ್ಪು ಹುಡುಕುತ್ತಾರೆ. ನಾವು ತಿಳಿದದ್ದರ ಪಕ್ಕದಲ್ಲಿ ತಿಳಿಯದ್ದನ್ನೂ ಅಷ್ಟೇ ಜೋಪಾನವಾಗಿ ಬರೆದಿಡುವ ಇಂಥ ಸಿಡುಕರು ಇಲ್ಲದಿದ್ದರೆ, ನಮ್ಮ ಪಟ್ಟಿಗಳೆಲ್ಲ ಎಂದೋ ಸೊನ್ನೆಗಳಿಂದ ತುಂಬಿಹೋಗುತ್ತಿದ್ದವು, ಮತ್ತು ನಾವು ಅವನ್ನು ನಂಬುತ್ತಿದ್ದೆವು. ಆ ಜೂನ್ ಮೂವತ್ತರಂದು ಹೊರಡುವ ಮುನ್ನ ಡೂನ್, ಮನಸ್ಸು ಹಗುರಾಗಲೆಂದು, ಕಚೇರಿಯ ವಾರ್ತಾಪತ್ರಕ್ಕೆ ಬೇಕೆಂಬ ನೆಪದಲ್ಲಿ ಕೇಳಿದ್ದರು, ಮೂವತ್ತೊಂದು ವರ್ಷದಲ್ಲಿ ಒಟ್ಟು ಎಷ್ಟು ಕಲೆ ನೋಡಿರಬಹುದು ಡಲ್ಸಿ ಎಂದು. ಡಲ್ಸಿ ಕೋಟನ್ನು ಮಡಚುತ್ತಾ, ತಲೆಯೆತ್ತದೆ ಹೇಳಿದ್ದರು: "ನೋಡಿದ್ದನ್ನ ನಿಮ್ಮ ಯಂತ್ರ ಕೂಡಿಸಲಿ. ನೋಡದ ದಿನದ ಲೆಕ್ಕ ನನ್ನ ಹತ್ರ ಇದೆ. ಸಾವಿರದ ಒಂಬೈನೂರ ಆರು."